ಬಾಂಬು ಬೀಳದ ಊರಿನ ಯುದ್ಧದ ಕತೆ

ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಮೇಲೆ ಒಂದು ಬಾಂಬೂ ಬೀಳಲಿಲ್ಲ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣಕ್ಕೆ ಬಾಂಬು ಹಾಕಿದಾಗ ಮದರಾಸಿನ ಜನ ಮನೆಗೆ ಬೀಗ ಜಡಿದು ಊರು ಬಿಟ್ಟರು. ಎಷ್ಟೋ ಸಂಸಾರಗಳು ಮಕ್ಕಳು ಮರಿ, ಪಾತ್ರೆ ಪಗಡೆ ಕಟ್ಟಿಕೊಂಡು ಬಂದು ಇಳಿದದ್ದು ನಮ್ಮ ಊರಿನಲ್ಲೇ. ಸಮುದ್ರದಿಂದ ದೂರ, ಒಳ್ಳೆ ಹವೆ, ಕುಡಿಯೋಕೆ ನೀರು. ಅವರ ಲೆಕ್ಕದಲ್ಲಿ ಬೆಂಗಳೂರು ಯುದ್ಧ ಮುಟ್ಟಲಾಗದ ಜಾಗ.

ಆದರೆ ಜನಗಣತಿಯ ಲೆಕ್ಕ ಬೇರೆಯೇ ಹೇಳುತ್ತದೆ. 1941ರಲ್ಲಿ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಎರಡೂ ಸೇರಿ ಇಲ್ಲಿದ್ದವರು ಸುಮಾರು 4 ಲಕ್ಷ ಜನ. 1951ಕ್ಕೆ ಅದು 7.8 ಲಕ್ಷದ ಹತ್ತಿರ ಹೋಯಿತು. ಹತ್ತೇ ವರ್ಷದಲ್ಲಿ ಊರು ಹೆಚ್ಚುಕಮ್ಮಿ ಎರಡರಷ್ಟಾಯಿತು. ಬೆಂಗಳೂರು ಬೆಳೆದ ಕತೆ ಅಂದರೆ ನಾವು ಕೆಂಪೇಗೌಡರ ಕೋಟೆಯಿಂದ ಶುರುಮಾಡಿ, ಲಾಲ್‌ಬಾಗ್, ಪಿಂಚಣಿದಾರರ ಬಂಗಲೆಗಳನ್ನೆಲ್ಲ ದಾಟಿ, ನೇರ ಸಾಫ್ಟ್‌ವೇರಿಗೆ ಬಂದುಬಿಡುತ್ತೇವೆ. ನಡುವೆ ಈ ಹತ್ತು ವರ್ಷ ಇದೆ. ಈ ಊರನ್ನು ಇವತ್ತಿನ ಊರಾಗಿ ಮಾಡಿದ್ದರಲ್ಲಿ ಎಲ್ಲೋ ದೂರದಲ್ಲಿ ನಡೆದ ಯುದ್ಧಗಳ ಪಾಲು ತುಂಬಾ ದೊಡ್ಡದು. ಅದಕ್ಕಿಂತ ದೊಡ್ಡದು, ಯುದ್ಧ ಮುಗಿದ ಮೇಲೆ ಇಲ್ಲಿನ ಕೆಲಸಗಾರರು ಮಾಡಿದ ಕೆಲಸ. ನಾನು ಬರೆಯಬೇಕು ಅಂದುಕೊಂಡಿದ್ದು ಮುಖ್ಯವಾಗಿ ಅದರ ಬಗ್ಗೆ. ಆದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲನೇ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಕೆಲಸ, ಲಾಭ, ಎಲ್ಲ ಅಲ್ಲಿನವರದ್ದು. 1914ರಲ್ಲಿ ಯುದ್ಧ ಶುರುವಾದದ್ದೇ ಆ ದಾರಿ ಮುಚ್ಚಿತು. ಕೊಳ್ಳುವವರಿಲ್ಲದೆ ಗಂಧದ ಕೊರಡು ಡಿಪೋಗಳಲ್ಲೇ ಬಿದ್ದಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಎಣ್ಣೆಯನ್ನು ನಾವೇ ಯಾಕೆ ತೆಗೆಯಬಾರದು ಅಂತ ಯೋಚನೆ ಬಂತು. ಟಾಟಾ ಇನ್‌ಸ್ಟಿಟ್ಯೂಟಿನ (ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ) ರಸಾಯನ ವಿಜ್ಞಾನಿಗಳು ಪ್ರಯೋಗ ಮಾಡಿ ದಾರಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದವು. ಅದರ ಬೆನ್ನಿಗೇ ಸೋಪಿನ ಕಾರ್ಖಾನೆ ಬಂತು. ಸೋಪು ಮಾಡೋದನ್ನು ಕಲಿತು ಬರಲು ಎಸ್. ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿದರು. ಜನ ಅವರನ್ನು 'ಸೋಪ್ ಶಾಸ್ತ್ರಿ' ಅಂತಲೇ ಕರೆದರು. ಇವತ್ತೂ ನಮ್ಮ ಬಚ್ಚಲಲ್ಲಿರುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಯೂರೋಪಿನ ಒಂದು ಯುದ್ಧ ಇದೆ.

ಅದೇ ಯುದ್ಧಕ್ಕೆ ನಮ್ಮ ಕಡೆಯಿಂದ ಜನವೂ ಹೋದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಇತ್ತು. ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಇನ್ನೊಂದು ವಿಷಯ ನನಗೆ ಯಾವಾಗಲೂ ಮನಸ್ಸಿಗೆ ಕಸಿವಿಸಿ ಮಾಡುತ್ತದೆ. ನಮ್ಮ ಊರಿನ ಹೆಸರು ಜಗತ್ತಿನ ಸೈನಿಕರಿಗೆ ಪರಿಚಯವಾದದ್ದು ಒಂದು ಸಿಡಿಮದ್ದಿನ ಮೂಲಕ. 1912ರಲ್ಲಿ ಹಲಸೂರು ಕೆರೆಯ ಹತ್ತಿರದ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೈನ್ಯದ ಎಂಜಿನಿಯರ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್, ಮುಳ್ಳುತಂತಿಯ ಬೇಲಿ ಒಡೆಯಲು ಉದ್ದ ಕೊಳವೆಯೊಳಗೆ ಮದ್ದು ತುಂಬಿದ. ಅದೇ 'ಬೆಂಗಳೂರು ಟಾರ್ಪಿಡೋ'. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ಬೇಲಿ ಒಡೆದದ್ದು ಇದರಿಂದಲೇ.

ಈಗ 1940ಕ್ಕೆ ಬರೋಣ.

ವಾಲ್‌ಚಂದ್ ಹೀರಾಚಂದ್ ಹಡಗು ಕಟ್ಟಿಸಿದ, ಕಾರು ಮಾಡಬೇಕೆಂದು ಹೊರಟಿದ್ದ ಉದ್ಯಮಿ. ಅಮೆರಿಕದ ವಿಲಿಯಂ ಪಾವ್ಲಿ ಆಗ ಚೀನಾಕ್ಕೆ ವಿಮಾನ ಜೋಡಿಸಿ ಕೊಡುತ್ತಿದ್ದ. ಇವರಿಬ್ಬರಿಗೂ ಒಂದು ವಿಮಾನ ಪ್ರಯಾಣದಲ್ಲಿ ಪರಿಚಯವಾಯಿತು. ಭಾರತದಲ್ಲಿ ವಿಮಾನದ ಕಾರ್ಖಾನೆ ಬೇಕು ಅಂದರೆ ಬ್ರಿಟಿಷರಿಗೆ ಅಷ್ಟೇನೂ ಉತ್ಸಾಹ ಇರಲಿಲ್ಲ. ಯುದ್ಧ ಬಿಗಡಾಯಿಸಿದ ಮೇಲೆ ಒಪ್ಪಿದರು. ಜಾಗಕ್ಕಾಗಿ ಹುಡುಕುತ್ತಿದ್ದ ವಾಲ್‌ಚಂದ್ ಅವರನ್ನು ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿಗೆ ಕರೆದರು. ಮೈಸೂರು ಸರ್ಕಾರ ಸುಮಾರು 700 ಎಕರೆ ಜಾಗ ಕೊಟ್ಟಿತು, ತಾನೂ ಬಂಡವಾಳ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇವತ್ತಿನ ಎಚ್‌ಎಎಲ್) ನೋಂದಣಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಆಗಿನ್ನೂ ಕೆಲವೇ ತಿಂಗಳಾಗಿತ್ತು. 1941ರಲ್ಲಿ ಭಾರತ ಸರ್ಕಾರ 25 ಲಕ್ಷ ಕೊಟ್ಟು ಮೂರನೇ ಒಂದು ಪಾಲು ತೆಗೆದುಕೊಂಡಿತು. ಮರುವರ್ಷ ವಾಲ್‌ಚಂದ್ ಅವರ ಪಾಲನ್ನೂ ಕೊಂಡುಕೊಂಡಿತು.

ಕೆಲಸ ನಡೆದ ವೇಗ ನೋಡಿ. ನೋಂದಣಿಯಾಗಿ ಎಂಟೇ ತಿಂಗಳಿಗೆ, 1941ರ ಆಗಸ್ಟ್‌ನಲ್ಲಿ, ಹಾರ್ಲೋ ಅನ್ನುವ ತರಬೇತಿ ವಿಮಾನ ಹಾರಿತು. ಮರುವರ್ಷ ಜುಲೈನಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿತು. ಹೌದು, ಅವು ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿ ಮಾಡಿದ ವಿಮಾನಗಳು. ಆದರೆ ಜೋಡಿಸಿದವರು ಯಾರು? ನಮ್ಮ ತಾತ ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದು ಅಲ್ಲಿ ಹೆಲ್ಪರ್ ಆಗಿ ಸೇರಿದವರು. ಅವರಿಗೆ ಗೊತ್ತಿದ್ದ ಯಂತ್ರ ಅಂದರೆ ಕಪಿಲೆ ಬಾವಿಯ ರಾಟೆ ಮತ್ತು ಊರಿಗೆ ಬರುತ್ತಿದ್ದ ಬಸ್ಸು. ಜೊತೆಗೆ ಸೇರಿದವರಲ್ಲಿ ಬಡಗಿಗಳು, ಕಮ್ಮಾರರು, ಅಕ್ಕಸಾಲಿಗರ ಮಕ್ಕಳು, ಗ್ಯಾರೇಜಿನ ಹುಡುಗರು, ಕೋಲಾರದ ಗಣಿಯ ವರ್ಕ್‌ಶಾಪಿನಿಂದ ಬಂದ ತಮಿಳರು ಎಲ್ಲ ಇದ್ದರಂತೆ. ಅಲ್ಯೂಮಿನಿಯಂ ತಗಡಿಗೆ ತೂತು ಕೊರೆದು, ಒಬ್ಬ ಈ ಕಡೆಯಿಂದ ರಿವೆಟ್ ಹೊಡೆಯಬೇಕು, ಇನ್ನೊಬ್ಬ ಆ ಕಡೆಯಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಎದುರಿನವನ ಮುಖ ಕಾಣಿಸುವುದಿಲ್ಲ. ಇಬ್ಬರಿಗೂ ಒಂದೇ ಲಯ ಬರಬೇಕು. ಒಂದು ರಿವೆಟ್ ಓರೆಯಾದರೆ ಅದನ್ನು ಕೊರೆದು ತೆಗೆದು ಮತ್ತೆ ಹೊಡೆಯಬೇಕು. "ಒಂದು ನೂಲು ಆಚೆ ಈಚೆ ಆಗಬಾರದು ಕಣಪ್ಪ, ಮೇಲೆ ಹೋದವನು ಕೆಳಗೆ ಬರಬೇಕಲ್ಲ" ಅನ್ನುತ್ತಿದ್ದರು ತಾತ. ಅವರು ಮನೆಯ ಗೋಡೆಗೆ ಮೊಳೆ ಹೊಡೆಯುವಾಗಲೂ ಅಳತೆ ಹಿಡಿದೇ ಹೊಡೆಯುತ್ತಿದ್ದರು.

ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಲೆಕ್ಕ ಬದಲಾಯಿತು. ಹೊಸ ವಿಮಾನ ಮಾಡುವುದಕ್ಕಿಂತ ಇರುವ ವಿಮಾನಗಳನ್ನು ರಿಪೇರಿ ಮಾಡಿ ಬೇಗ ಕಳಿಸುವುದು ಮುಖ್ಯವಾಯಿತು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಯ ಕೈಗೆ ಕೊಟ್ಟರು. ಅದು ಅವರ 84ನೇ ಏರ್ ಡಿಪೋ ಆಯಿತು. ಲಿಬರೇಟರ್, ಮಿಚೆಲ್, ಡಕೋಟಾ, ಕ್ಯಾಟಲೀನಾ ವಿಮಾನಗಳು ಇಲ್ಲಿಗೆ ಬಂದು, ಎಂಜಿನ್ ಬಿಚ್ಚಿ, ತೊಳೆದು, ಜೋಡಿಸಿಕೊಂಡು ಮತ್ತೆ ಬರ್ಮಾ, ಚೀನಾ ಕಡೆ ಹಾರಿದವು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಸ್ವಂತ ವಿಮಾನ ಮಾಡಬೇಕೆನ್ನುವ ಕನಸು ಮಾತ್ರ ಮೂಲೆಗೆ ಸೇರಿತು. ಇದು ನಷ್ಟವೇ. ಆದರೆ ರಿಪೇರಿ ಮಾಡುವವನು ಎಲ್ಲ ಕಂಪನಿಯ, ಎಲ್ಲ ಮಾದರಿಯ ಯಂತ್ರದ ಹೊಟ್ಟೆಯೊಳಗೆ ಕೈ ಹಾಕುತ್ತಾನೆ. ಆ ಎರಡು ಮೂರು ವರ್ಷದಲ್ಲಿ ನಮ್ಮವರು ಕಲಿತದ್ದನ್ನು ಯಾವ ಕಾಲೇಜೂ ಕಲಿಸಲು ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಕಾಲೇಜಿನ ಕೆಲಸವೂ ನಿಂತಿರಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ 1942ರ ಡಿಸೆಂಬರಿನಲ್ಲಿ ಶುರುವಾದದ್ದು ಪಕ್ಕದಲ್ಲಿ ಈ ಕಾರ್ಖಾನೆ ಇದ್ದದ್ದರಿಂದಲೇ.

ಉಳಿದ ಊರು ಏನು ಮಾಡುತ್ತಿತ್ತು? ಬಿನ್ನಿ ಮಿಲ್ ಹಗಲು ರಾತ್ರಿ ಖಾಕಿ ಬಟ್ಟೆ, ಕಂಬಳಿ ನೇಯುತ್ತಿತ್ತು. ಜಪಾನಿನ ರೇಷ್ಮೆ ನಿಂತದ್ದರಿಂದ ಪ್ಯಾರಾಚೂಟಿಗೆ ಮೈಸೂರು ರೇಷ್ಮೆಯೇ ಬೇಕಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಹಿಪ್ಪುನೇರಳೆ ಹಾಕಿದವರ ಕೈಯಲ್ಲಿ ಹಣ ಓಡಾಡಿತು. ಜಾಲಹಳ್ಳಿಯಲ್ಲಿ ಆಫ್ರಿಕಾದ ಮರಳುಗಾಡಿನಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರಿಗೆ ಶಿಬಿರ ಹಾಕಿದರು. ಆಮೇಲೆ ಅಲ್ಲೇ ದೊಡ್ಡ ಮಿಲಿಟರಿ ಆಸ್ಪತ್ರೆ ಬಂತು. ದಂಡಿನ ಸೌತ್ ಪೆರೇಡಿನಲ್ಲಿ ಬಿಳಿ ಸೋಲ್ಜರುಗಳು, ಅಮೆರಿಕದವರು, ಜೀಪುಗಳು. ಪೆಟ್ರೋಲಿಗೆ ರೇಷನ್ ಬಂದದ್ದರಿಂದ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಗ್ಯಾಸಿನಲ್ಲಿ ಓಡಿಸಿದರು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತಂತೆ.

ಅಡುಗೆಮನೆಗೆ ಯುದ್ಧ ಬಂದದ್ದು ಅಕ್ಕಿಯ ರೂಪದಲ್ಲಿ. ಬರ್ಮಾ ಅಕ್ಕಿ ನಿಂತಿತು. ಕಂಟ್ರೋಲ್ ಬಂತು, ರೇಷನ್ ಕಾರ್ಡ್ ಬಂತು, ಅವುಗಳ ಜೊತೆಗೆ ಕಾಳಸಂತೆಯೂ ಬಂತು. ಅಜ್ಜಿ ಆ ದಿನಗಳ ಬಗ್ಗೆ ಹೇಳುವಾಗ ಯುದ್ಧ ಅನ್ನುತ್ತಿರಲಿಲ್ಲ, 'ಕಂಟ್ರೋಲ್ ಕಾಲ' ಅನ್ನುತ್ತಿದ್ದರು. ನುಚ್ಚು ಬೆರೆಸಿದ ಅಕ್ಕಿ, ಕಲ್ಲು ಆರಿಸುವ ಕೆಲಸ, ಸೀಮೆಎಣ್ಣೆಗೆ ಬೆಳಗಿನ ಜಾವದಿಂದ ಸಾಲು. ಅಕ್ಕಿ ಊಟವೇ ದೊಡ್ಡಸ್ತಿಕೆ ಅಂದುಕೊಂಡಿದ್ದ ಪೇಟೆಯ ಮನೆಗಳೂ ರಾಗಿ ಮುದ್ದೆಗೆ ಬಂದವು. ರವೆ ಇಡ್ಲಿ ಹುಟ್ಟಿದ್ದು ಈ ಅಕ್ಕಿಯ ಬರದಲ್ಲೇ, ಅಕ್ಕಿಯ ಬದಲು ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಅಂತ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ನಾವು ಅದನ್ನು ತುಪ್ಪ, ಸಾಗು ಹಾಕಿಕೊಂಡು ಖುಷಿಯಾಗಿ ತಿನ್ನುತ್ತೇವೆ. ತಿನ್ನೋಣ. ಆದರೆ 1943ರಲ್ಲಿ ಬಂಗಾಳದಲ್ಲಿ ಅದೇ ಅಕ್ಕಿ ಇಲ್ಲದೆ ಲಕ್ಷ ಲಕ್ಷ ಜನ ಸತ್ತರು. ನಮ್ಮ ಕಡೆ ರಾಗಿ ಇತ್ತು, ಒಂದಿಷ್ಟು ಸರಿಯಾಗಿ ಹಂಚುವ ಆಡಳಿತ ಇತ್ತು, ಬದುಕಿದೆವು. ರವೆ ಇಡ್ಲಿಯ ಕತೆ ಹೇಳುವಾಗ ಬಂಗಾಳವನ್ನೂ ಹೇಳಬೇಕು ಅನ್ನುವುದು ನನ್ನ ಹಟ.

ಯುದ್ಧದಿಂದ ಊರಿಗೆ ಒಳ್ಳೇದಾಯಿತು ಅಂತ ಸುಮ್ನೆ ಹೇಳಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1942ರ ಫೆಬ್ರುವರಿಯಲ್ಲಿ ಸಿಂಗಾಪುರ ಬಿದ್ದಾಗ ಮೈಸೂರು ಸಂಸ್ಥಾನದ ಕಾಲ್ದಳದವರು ಅಲ್ಲಿ ಸೆರೆ ಸಿಕ್ಕರು. ಮೂರೂವರೆ ವರ್ಷ ಜಪಾನಿಯರ ಕೈಯಲ್ಲಿ. ಅವರ ಹೆಂಡತಿ ಮಕ್ಕಳು ಇಲ್ಲಿ ಹೇಗೆ ಕಾದಿರಬೇಕು? ಅದೇ ವರ್ಷ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಬೆಂಗಳೂರಿನ ಮಿಲ್ಲು, ಕಾರ್ಖಾನೆಗಳ ಕೆಲಸಗಾರರು ಕೆಲಸ ಬಿಟ್ಟು ಹೊರಬಂದರು. ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅಲ್ಲಿ ಹುತಾತ್ಮರ ಸ್ಮಾರಕ ಇದೆ. ದಿನಾ ಸಾವಿರಾರು ಬಸ್ಸು ಅದನ್ನು ಸುತ್ತಿಕೊಂಡು ಹೋಗುತ್ತವೆ. ವಾರದ ಮೊದಲಲ್ಲಿ ಬ್ರಿಟಿಷರ ಯುದ್ಧಕ್ಕೆ ಬಟ್ಟೆ ನೇಯ್ದು, ವಾರದ ಕೊನೆಗೆ ಬ್ರಿಟಿಷರೇ ತೊಲಗಿ ಅಂತ ಬೀದಿಗಿಳಿದವರು ಅವರು. ಸಂಬಳ ಬೇಕಿತ್ತು, ಸ್ವಾತಂತ್ರ್ಯವೂ ಬೇಕಿತ್ತು. ಇದರಲ್ಲಿ ಯಾವ ಗೊಂದಲವೂ ನನಗೆ ಕಾಣುವುದಿಲ್ಲ.

1945ರ ಆಗಸ್ಟ್‌ನಲ್ಲಿ ಯುದ್ಧ ಮುಗಿಯಿತು. ಅಮೆರಿಕದವರು ಹೊರಟರು. ಖಾಕಿಯ ಆರ್ಡರ್ ಕಡಿಮೆಯಾಯಿತು. ರೇಷ್ಮೆಯ ಬೆಲೆ ಕುಸಿಯಿತು. ಯುದ್ಧದ ದುಡ್ಡು ನಂಬಿ ಹಿಪ್ಪುನೇರಳೆ ಹಾಕಿದ ರೈತರು ಕೈಸುಟ್ಟುಕೊಂಡರು. ರೇಷ್ಮೆಗೆ ಒಂದು ಆಸರೆ ಬೇಕು ಅಂತ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂದದ್ದು ಇದರ ನಂತರವೇ. ಸೈನ್ಯದಿಂದ ಬಿಡುಗಡೆಯಾದ ಸಾವಿರಾರು ಯುವಕರು ಊರಿಗೆ ಬಂದರು. ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾಯಿತು, ಜನರನ್ನು ತೆಗೆದರು. ಯುದ್ಧ ನಂಬಿ ಬೆಳೆದ ಎಷ್ಟೋ ಊರುಗಳು ಇಂಥ ಹೊತ್ತಿನಲ್ಲಿ ಬಾಗಿಲು ಮುಚ್ಚಿವೆ. ಬೆಂಗಳೂರು ಮುಚ್ಚಲಿಲ್ಲ. ನಾನು ಮೊದಲೇ ಹೇಳಿದ ಭಾಗ ಇದು.

ಬಾಂಬರ್ ವಿಮಾನ ಬಿಚ್ಚಿ ಜೋಡಿಸುತ್ತಿದ್ದ ಏರ್‌ಕ್ರಾಫ್ಟ್ ಕಾರ್ಖಾನೆ ರೈಲಿನ ಬೋಗಿ ಮಾಡಲು ಕೂತಿತು. ಅದೂ ಯಾವ ಬೋಗಿ? ಥರ್ಡ್ ಕ್ಲಾಸಿನದು. ಆಗ ಥರ್ಡ್ ಕ್ಲಾಸ್ ಅಂದರೆ ಹೆಚ್ಚಾಗಿ ಮರದ ಡಬ್ಬಿ. ಅಪಘಾತವಾದರೆ ಸೀಳಿ ಚೂರಾಗುತ್ತಿತ್ತು, ಬೆಂಕಿ ಹಿಡಿಯುತ್ತಿತ್ತು. ಸತ್ತವರು ಬಡವರು. ವಿಮಾನದ ಮೈಗೆ ತಗಡು ಹೊಂದಿಸಿ, ಹಗುರವಾಗಿ, ಗಟ್ಟಿಯಾಗಿ ಕಟ್ಟಲು ಗೊತ್ತಿದ್ದವರು ಪೂರ್ತಿ ಲೋಹದ ಬೋಗಿ ಕಟ್ಟಿದರು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಅವು ಹಳಿಯ ಮೇಲೆ ಬಂದವು. ಬಸ್ಸಿನ ಬಾಡಿಗಳನ್ನೂ ಕಟ್ಟಿದರು. ಯುದ್ಧದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳಾಗಿ ಬದಲಾಯಿಸಿ ಕೊಟ್ಟರು. ತಾತ ವಿಮಾನದ ಬಗ್ಗೆ ಕೇಳಿದರೆ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದರು. ಬೋಗಿಯ ವಿಷಯ ತೆಗೆದರೆ ಸಾಕು, ಸೀಟಿನ ಹಲಗೆಯ ಅಗಲ, ಕಿಟಕಿಯ ಸರಳು, ನಲ್ಲಿಯ ಜಾಗ ಎಲ್ಲ ಕೈಯಲ್ಲಿ ಅಳೆದು ತೋರಿಸುತ್ತಿದ್ದರು. ಅದರಲ್ಲಿ ಅವರ ಅಕ್ಕ ತಂಗಿಯರು, ಊರಿನವರು ಕೂತು ಓಡಾಡಿದರಲ್ಲ, ಅದಕ್ಕೆ.

ಇನ್ನೊಂದು ಕತೆ ಕಾನ್ಪುರದ್ದು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರ್ ಬಾಂಬರುಗಳನ್ನು ಅಲ್ಲಿನ ಮೈದಾನದಲ್ಲಿ ಬಿಟ್ಟು ಹೋದರು. ಯಾರೂ ಬಳಸಬಾರದು ಅಂತ ಬೇಕೆಂದೇ ಹಾಳು ಮಾಡಿ ಬಿಟ್ಟರು. ಹೊಸ ದೇಶಕ್ಕೆ ದೊಡ್ಡ ವಿಮಾನ ಕೊಳ್ಳಲು ದುಡ್ಡಿರಲಿಲ್ಲ. ಬೆಂಗಳೂರಿನ ಮೆಕ್ಯಾನಿಕ್‌ಗಳು ಕಾನ್ಪುರಕ್ಕೆ ಹೋಗಿ ಆ ಗುಜರಿಯಲ್ಲಿ ಕೂತರು. ಒಂದರ ರೆಕ್ಕೆ, ಇನ್ನೊಂದರ ಎಂಜಿನ್ ಸೇರಿಸಿ ಇಲ್ಲಿಯವರೆಗೆ ಹಾರುವಷ್ಟು ರಿಪೇರಿ ಮಾಡಿದರು. ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಜಮ್ಶೆಡ್ ಮುನ್ಶಿ ಅನ್ನುವ ಪೈಲಟ್. ಸುತ್ತಿಗೆಪೆಟ್ಟು ತಿಂದು ಬಿದ್ದಿದ್ದ ವಿಮಾನದಲ್ಲಿ ಕೂತು ಅರ್ಧ ದೇಶ ದಾಟುವ ಧೈರ್ಯ! ಇಲ್ಲಿ ಪೂರ್ತಿ ಸರಿಮಾಡಿ ವಾಯುಪಡೆಗೆ ಕೊಟ್ಟರು. 1948ರಿಂದ ಶುರುವಾಗಿ ಸುಮಾರು 40 ವಿಮಾನ. 1960ರ ದಶಕದ ಕೊನೆಯವರೆಗೂ ಅವು ಹಾರಿದವು. ಡಿಪೋ ಕಾಲದಲ್ಲಿ ಲಿಬರೇಟರ್ ಬಿಚ್ಚಿ ಜೋಡಿಸಿದ ಅನುಭವ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಮೂಲೆಗೆ ಸೇರಿದ್ದ ಕನಸೂ ಎದ್ದಿತು. ವಿ. ಎಂ. ಘಾಟಗೆ ಅವರ ತಂಡ ಇಲ್ಲೇ ಚಿತ್ರ ಬರೆದು, ಇಲ್ಲೇ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಹಾರಿಸಿದವರು ಅದೇ ಮುನ್ಶಿ. 1956ರಲ್ಲಿ ಕುರ್ಟ್ ಟ್ಯಾಂಕ್ ಬಂದರು. ಹಿಟ್ಲರನ ವಾಯುಪಡೆಗೆ ಫಾಕ್-ವುಲ್ಫ್ 190 ಯುದ್ಧವಿಮಾನ ಮಾಡಿಕೊಟ್ಟ ಎಂಜಿನಿಯರ್ ಅವರು. ಯುದ್ಧ ಸೋತ ಮೇಲೆ ಅರ್ಜೆಂಟೀನಾ ಸುತ್ತಿ ಬೆಂಗಳೂರಿಗೆ ಬಂದು ಮಾರುತ್ ಜೆಟ್ ಕಟ್ಟಿಸಿದರು. ಅದು 1961ರಲ್ಲಿ ಹಾರಿತು. ಬರ್ಮಾದ ಕಡೆ ಹಾರುವ ಅಮೆರಿಕದ ಬಾಂಬರ್ ತೊಳೆದ ಕೈಗಳು, ಬರ್ಲಿನ್ನಿಗಾಗಿ ಯುದ್ಧವಿಮಾನ ಮಾಡಿದವನ ಜೊತೆ ಒಂದೇ ಷೆಡ್ಡಿನಲ್ಲಿ ನಿಂತವು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಟ್ಯಾಂಕ್ ಅವರ ಯುದ್ಧಕಾಲದ ಕೆಲಸವನ್ನು ಮರೆತು ಬರೀ ಹೊಗಳುವುದೂ ನನ್ನಿಂದ ಆಗುವುದಿಲ್ಲ.

ಸರ್ಕಾರಕ್ಕೆ ಹೊಸ ಕಾರ್ಖಾನೆ ಎಲ್ಲಿ ಹಾಕಬೇಕು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಬೆಂಗಳೂರಿನ ಹೆಸರು ಬಂತು. ಹವೆ ಒಂದೇ ಕಾರಣವಲ್ಲ, ನುರಿತ ಕೆಲಸಗಾರರು ಇಲ್ಲಿದ್ದರು. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಯಂತ್ರೋಪಕರಣದ ಕಾರ್ಖಾನೆ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್. ಇಟಲಿಯ ಕೈದಿಗಳು, ಗಾಯಾಳು ಸೈನಿಕರು ಇದ್ದ ಜಾಲಹಳ್ಳಿಯಲ್ಲೇ ರೇಡಿಯೋ ವಾಲ್ವು, ಲೇತ್, ಆಮೇಲೆ ಗಡಿಯಾರ ತಯಾರಾದವು. ಈ ಕಾರ್ಖಾನೆಗಳ ಸುತ್ತ ಕ್ವಾರ್ಟರ್ಸ್, ಕನ್ನಡ ಶಾಲೆ, ರಾಜ್ಯೋತ್ಸವದ ಪೆಂಡಾಲು, ನಾಟಕದ ತಂಡಗಳು ಹುಟ್ಟಿದವು. ಶಿಫ್ಟ್ ಬಸ್ಸು ಬರುವ ಹೊತ್ತಿಗೆ ಊರಿನ ಬಡಾವಣೆಗಳು ಏಳುತ್ತಿದ್ದವು. ಹಳ್ಳಿಯಿಂದ ಬಂದವನ ಮಗ ಡಿಪ್ಲೊಮಾ ಓದಿದ, ಮೊಮ್ಮಗಳು ಎಂಜಿನಿಯರ್ ಆದಳು. ಇಂಥ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತ ಹೇಳುತ್ತಿಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಈ ಸರ್ಕಾರಿ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದರು. 77 ದಿನ ನಡೆಯಿತು. ಸಂಬಳವಿಲ್ಲದ ಅಷ್ಟು ದಿನ ಬೆಂಗಳೂರಿನ ಅರ್ಧ ಅಂಗಡಿಗಳು ಸಾಲದ ಪುಸ್ತಕದ ಮೇಲೆ ನಡೆದವು. ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಎಚ್‌ಎಂಟಿ ಗಡಿಯಾರ ನಿಂತಿತು. ಯುದ್ಧ ತಂದ ಕಾರ್ಖಾನೆಗಳು ಉಳಿಯಬೇಕೆಂದು ಯಾವ ನಿಯಮವೂ ಇಲ್ಲ, ನಿಜ. ಆದರೆ ಬಾಗಿಲು ಹಾಕುವಾಗ ಒಳಗಿದ್ದವರ ಕಸುಬಿಗೆ ಏನಾದರೂ ಕೆಲಸ ಹುಡುಕಬೇಕಿತ್ತು. 1946ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಬಾಂಬರ್ ಷೆಡ್ಡಿಗೆ ರೈಲು ಬೋಗಿ ತಂದವರಿಗೆ ಅದು ಹೊಳೆದಿತ್ತು ಅಲ್ವಾ? ಆಮೇಲೆ ನಾವು ಯಾಕೆ ಅಷ್ಟು ಬೇಗ ಕೈಬಿಟ್ಟೆವು?

ಬೋಗಿಯ ಕೆಲಸ ಮಾತ್ರ ನಿಲ್ಲಲಿಲ್ಲ. 1964ರಲ್ಲಿ ಸರ್ಕಾರಿ ಕಂಪನಿ ಬಿಇಎಂಎಲ್ ಹುಟ್ಟಿದಾಗ ಎಚ್‌ಎಎಲ್‌ನ ರೈಲು ಬೋಗಿ ವಿಭಾಗ ಅದರ ಪಾಲಿಗೆ ಬಂತು. ನಮ್ಮ ಮೆಟ್ರೋ ಶುರುವಾದಾಗ ರೈಲುಗಳನ್ನು ಕೊಟ್ಟದ್ದು ಕೊರಿಯಾದ ಕಂಪನಿಯ ಜೊತೆ ಸೇರಿದ ಇದೇ ಬಿಇಎಂಎಲ್. 2011ರ ಅಕ್ಟೋಬರ್ 20ರಂದು ಮೊದಲ ರೈಲು ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ಓಡಿತು. ಎಂ.ಜಿ. ರಸ್ತೆ ಅಂದರೆ ಹಳೆಯ ಸೌತ್ ಪೆರೇಡ್, ಸೋಲ್ಜರುಗಳು ಸಂಜೆ ಅಡ್ಡಾಡುತ್ತಿದ್ದ ಬೀದಿ. ಆ ಬೋಗಿಗಳಲ್ಲಿ ಫಸ್ಟ್ ಕ್ಲಾಸ್, ಥರ್ಡ್ ಕ್ಲಾಸ್ ಅಂತ ಬೇರೆ ಬೇರೆ ಇಲ್ಲ, ಎಲ್ಲರಿಗೂ ಒಂದೇ ಬಗೆಯ ಸೀಟು.